‘ಜೀವದ ಬೆಲೆ’ ಎನ್ನಬಹುದೇ?

ಮಾನ್ಯರೇ,

ಮುಂಬಯಿಯ ನಮ್ಮ ಸಂಘದ ವಿಶೇಷಾಂಕಕ್ಕೆ ಸುರಕ್ಷತೆಯ ಅರ್ಥಶಾಸ್ತ್ರದ ಕುರಿತು ಲೇಖನ ಬರೆಯುತ್ತಿರುವ ನನಗೆ ‘ವ್ಯಾಲ್ಯೂ ಆಫ್ ಸ್ಟ್ಯಾಟಿಸ್ಟಿಕಲ್ ಲೈಫ್’ ಎಂಬುದಕ್ಕೆ ಒಪ್ಪುವ ಕನ್ನಡ ಪದ ಬೇಕಾಗಿದೆ. ಮೊದಲು ‘ಸಾಂಖ್ಯಿಕ ಜೀವದ ಬೆಲೆ’ ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು, ಇದು ಅಪಘಾತದಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವೇ ಎಂದು ಕೇಳಿದರು. ಅವರದು ತಪ್ಪಲ್ಲ, ಕನ್ನಡದ ಕಿವಿಗೆ ಆ ಮಾತು ಹಾಗೆಯೇ ಕೇಳುತ್ತದೆ.

ಆದರೆ 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಎತ್ತಿದ ಪ್ರಶ್ನೆಯೇ ಬೇರೆ: ಸಾಯುವವರು ಇಂಥವರೇ ಎಂದು ಮೊದಲೇ ತಿಳಿಯದಿರುವಾಗ, ತಮ್ಮ ಸಾವಿನ ಸಂಭವವನ್ನು ಒಂದಿಷ್ಟು ತಗ್ಗಿಸಿಕೊಳ್ಳಲು ಜನರು ಎಷ್ಟು ಕೊಡಲು ಒಪ್ಪುತ್ತಾರೆ? ಆ ಸಂಭವ ಲಕ್ಷದಲ್ಲಿ ಒಂದರಷ್ಟು ಇಳಿಯಲೆಂದು ಒಂದು ಲಕ್ಷ ಜನ ತಲಾ 500 ರೂಪಾಯಿ ಕೊಡಲೊಪ್ಪಿದರೆ ಒಟ್ಟು 5 ಕೋಟಿಯಾಗುತ್ತದೆ, ಸರಾಸರಿ ಲೆಕ್ಕದಲ್ಲಿ ಒಂದು ಸಾವು ತಪ್ಪುತ್ತದೆ. ಆ ಇಂಗ್ಲಿಷ್ ಹೆಸರು ಸೂಚಿಸುವುದು ಈ 5 ಕೋಟಿಯನ್ನೇ, ಆದರೆ ಇದು ಅವರಲ್ಲಿ ಯಾರೊಬ್ಬರ ಪ್ರಾಣದ ಬೆಲೆಯೂ ಅಲ್ಲ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ತುಂಬಿ ಬಂದ ಎರಡು ಲೋಕಲ್ ರೈಲುಗಳನ್ನು ಬಿಟ್ಟು ಮೂರನೆಯದನ್ನು ಹತ್ತುವವರು ಕೊಡುವುದು ಹಣವನ್ನಲ್ಲ, ಹೊತ್ತನ್ನು. ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಪಾಯದ ಕೆಲಸಕ್ಕೆ ಸಿಗುವ ಹೆಚ್ಚಿನ ಕೂಲಿಯಿಂದಲೂ ಅರ್ಥಶಾಸ್ತ್ರಜ್ಞರು ಇದನ್ನು ಅಂದಾಜು ಮಾಡುತ್ತಾರೆ.

ಇಂಗ್ಲಿಷ್ ಹೆಸರಿನಲ್ಲೂ ಇದೇ ತೊಡಕಿರುವುದರಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2010ರಲ್ಲಿ ಅದರ ಬದಲಿಗೆ ಸಾವಿನ ಅಪಾಯ ತಗ್ಗುವುದರ ಮೌಲ್ಯ ಎಂಬರ್ಥದ ಹೆಸರನ್ನು ಸೂಚಿಸಿತ್ತು. ನನಗೂ ಅದೇ ದಾರಿ ಸರಿಯೆನಿಸುತ್ತದೆ. ‘ತೆರಲೊಪ್ಪುವ ಬೆಲೆ’ ಎಂಬ ಸೊಗಸಾದ ಮಾತನ್ನು ಮಾತ್ರ ಬಿಡಬೇಕಾಯಿತು, ಏಕೆಂದರೆ ‘ಪ್ರಾಣ ತೆತ್ತರು’ ಎಂದರೆ ಕನ್ನಡದಲ್ಲಿ ಸತ್ತರು ಎಂದೇ ಅರ್ಥ. ಬದುಕಲು ಕೊಡುವ ಹಣಕ್ಕೆ ಆ ಕ್ರಿಯಾಪದ ಹೊಂದುವುದಿಲ್ಲ. ‘ರಿಸ್ಕ್’ ಎಂಬುದಕ್ಕೆ ‘ಗಂಡಾಂತರ’ವೂ ಆಗದು: ಗಂಡಾಂತರ ಬರುತ್ತದೆ ಇಲ್ಲವೇ ತಪ್ಪುತ್ತದೆ, ಲಕ್ಷದಲ್ಲಿ ಒಂದರಷ್ಟು ಇಳಿಯುವುದಿಲ್ಲ. ಇಲ್ಲಿ ನೆರೆಯ ಮರಾಠಿಗರಿಗೆ ‘ಧೋಕಾ’ (ಅಪಾಯ), ‘ಜೋಖೀಮ್’ (ರಿಸ್ಕ್) ಎಂಬ ಎರಡು ಪದಗಳಿವೆ. ಮೊದಲನೆಯದು ನಮ್ಮಲ್ಲಿ ಮೋಸವೆಂಬ ಅರ್ಥದಲ್ಲಷ್ಟೇ ಉಳಿದಿದೆ, ಎರಡನೆಯದರ ಕೆಲಸವನ್ನೂ ನಾವು ‘ಅಪಾಯ’ಕ್ಕೇ ಹೊರಿಸಿದ್ದೇವೆ.

ಸದ್ಯಕ್ಕೆ ‘ಸಾವಿನ ಸಂಭವ ತಗ್ಗಿಕೆಯ ಮೌಲ್ಯ’ ಎಂದು ಬರೆದಿಟ್ಟಿದ್ದೇನೆ. ‘ಸಂಭವ’ ಎಂದರೆ ಸಾಕೇ, ಪಠ್ಯಪುಸ್ತಕಗಳ ‘ಸಂಭವನೀಯತೆ’ಯೇ ಬೇಕೇ? ವಿಮೆಯ ಕ್ಷೇತ್ರದಲ್ಲಿರುವವರು ಕನ್ನಡ ಗ್ರಾಹಕರೊಂದಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ?