ಸಹಾಯ ಬೇಕು: ಕಾರು ಎಳೆಯುವಾಗ ಮೋಟಾರ್‌ಹೋಮ್ ನೇರವಾಗಿ ಓಡುತ್ತಿಲ್ಲ

ನಮಸ್ಕಾರ. ನಮ್ಮದು 34 ಅಡಿಯ ಪೆಟ್ರೋಲ್ ಮೋಟಾರ್‌ಹೋಮ್, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ವಾಹನ. ಹಿಂದೆ ಟೋ ಬಾರ್‌ಗೆ (ಎಳೆಯಲು ಜೋಡಿಸುವ ಲೋಹದ ಸರಳು) ಕಟ್ಟಿದ ಸಣ್ಣ ಕಾರು, ನಾಲ್ಕು ಚಕ್ರವೂ ನೆಲದ ಮೇಲೆ. ಕಳೆದ ವಾರ ಅಮೆರಿಕದ ವಯೋಮಿಂಗ್‌ನ ಐ-80 ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಸಿಕ್ಕಿ ನಿಜವಾಗಿಯೂ ಹೆದರಿದೆವು. ಸ್ಟೀರಿಂಗ್ ಒಂದು ಕ್ಷಣ ಬಿಡುವಂತಿಲ್ಲ. ದೊಡ್ಡ ಲಾರಿ ದಾಟಿದರೆ ಹಿಂಭಾಗ ಒಂದು ಕಡೆ, ಮೂತಿ ಇನ್ನೊಂದು ಕಡೆ. ಸಂಜೆಗೆ ಭುಜ ಹಿಡಿದುಕೊಂಡಿತ್ತು.

ಕಾರು ಬಿಚ್ಚಿ ಓಡಿಸಿದೆ. ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಅಂದರೆ ತಪ್ಪು ಬರೀ ಕಾರಿನದಲ್ಲ, ಅಲ್ವಾ?

ತೂಕ ಹಾಕಿಸಿದೆ. ಮುಂದಿನ ಆಕ್ಸಲ್ ಮೇಲೆ 5,500 ಪೌಂಡ್, ಮಿತಿ 7,000. ಹಿಂದೆ 11,900, ಮಿತಿ 12,000. ನನಗೆ ಅನುಮಾನ ಇಲ್ಲೇ. ಹಿಂದಿನ ಡಿಕ್ಕಿಯಲ್ಲಿ ಸಾಮಾನು ಜಾಸ್ತಿ, ಮೂತಿ ಹಗುರ. ಟೋ ಬಾರ್ ಕೂಡ ಕಾರಿನ ಕಡೆಗೆ ಸುಮಾರು 5 ಇಂಚು ಇಳಿಜಾರಾಗಿದೆ. ಟೈರ್ ಗಾಳಿ ತೂಕಕ್ಕೆ ತಕ್ಕಂತೆ, ತಣ್ಣಗಿದ್ದಾಗಲೇ ನೋಡಿದ್ದೇನೆ.

ಸಾಮಾನು ಮುಂದಕ್ಕೆ ಸರಿಸಿ, ಟೋ ಬಾರ್ ಮಟ್ಟವಾಗುವಂತೆ ಕೊಂಡಿಯನ್ನು ತಗ್ಗಿಸುವ ಡ್ರಾಪ್ ಹಿಚ್ ಹಾಕಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೆ ಸಾಕೇ? ವರ್ಕ್‌ಶಾಪ್‌ನವರು ನೇರವಾಗಿ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ಅಲುಗಾಟ ತಗ್ಗಿಸುವ ಭಾಗ) ಹಾಕಿಸಿ ಅನ್ನುತ್ತಾರೆ. ಕಾರಣ ತಿಳಿಯದೆ ಸುಮ್ನೆ ಅದನ್ನು ಹಾಕಿಸಲು ಮನಸ್ಸಿಲ್ಲ. ಹಿಂದಿನ ಆಕ್ಸಲ್‌ಗೆ ಟ್ರ್ಯಾಕ್ ಬಾರ್ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಸರಳು) ಹಾಕಿಸಿದವರು ಇದ್ದೀರಾ? ಅಡ್ಡಗಾಳಿಯಲ್ಲಿ ಓಡಿಸುವಾಗ ವ್ಯತ್ಯಾಸ ಗೊತ್ತಾಯಿತೇ? ಮುಂದಿನ ತಿಂಗಳು ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ. ಅವರನ್ನು ಕೂರಿಸಿಕೊಂಡು ಹೊರಡುವ ಮೊದಲು ಇದು ಸರಿಯಾಗಬೇಕು.