ಭಾನುವಾರಕ್ಕೆ ಸಿಹಿ-ಖಾರದ ಹಂದಿ ಮಾಂಸ, ಸುಲಭದ್ದು ಮಾಡಿದವರು ಹೇಳಿ

ಕೋಡಿಬಾಗ ಸೊಸೆ: ಭಾನುವಾರ ರಾತ್ರಿ ಊಟಕ್ಕೆ ಮನೇಲಿ 6 ಜನ. ಒಂದೂವರೆ ಕೆಜಿ ಹಂದಿ ಮಾಂಸ ತರ್ತಾರೆ ಇವ್ರು. ಸ್ವಲ್ಪ ಸಿಹಿ, ಸ್ವಲ್ಪ ಖಾರ, ಜಾಸ್ತಿ ಕಿರಿಕಿರಿ ಇಲ್ಲದ್ದು ಬೇಕು. ಅತ್ತೆಗೆ ವಿನೆಗರ್ ಘಾಟು ಆಗೋದಿಲ್ಲ.

ಸದಾಶಿವಗಡದವ: ಬೆಲ್ಲ ಮೊದಲೇ ಹಾಕ್ಬೇಡಿ, ಇದೊಂದು ಹೇಳೋಕೇ ಬಂದೆ. ಕಳೆದ ಡಿಸೆಂಬರಲ್ಲಿ 2 ಕೆಜಿ ತಂದೆ, ಕೆಜಿಗೆ 380 ಅಂದ್ರೆ 760, ಅದ್ರ ಮೇಲೆ ಗೋವಾದ ಕಾಣಕೋಣಕ್ಕೆ ಹೋಗಿಬಂದ ಪೆಟ್ರೋಲ್ 150. ಮಸಾಲೆ ಜೊತೆಗೇ ದೊಡ್ಡ ತುಂಡು ಬೆಲ್ಲ ಹಾಕಿ ಕುಕ್ಕರ್ ಮುಚ್ಚಿದೆ, ಮೂರನೇ ವಿಸಿಲಿಗೆ ವಾಸ್ನೆ ಬಂತು, ತೆಗೆದು ನೋಡಿದ್ರೆ ತಳ ಪೂರ್ತಿ ಇದ್ದಿಲು. ತಿಕ್ಕೋಕೆ ಎರಡು ದಿನ, ಗ್ಯಾಸ್ಕೆಟ್ ಬೇರೆ ಹೋಯ್ತು, ಅದಕ್ಕೆ 120. ಮೇಲಿನದ್ದಷ್ಟು ಬಳಿದು ಬಡಿಸಿದೆ. ಭಾವ "ಹೊಗೆ ಹಾಕಿ ಮಾಡಿದ್ಯಾ ಮಾರಾಯ" ಅಂದ, ಈಗ್ಲೂ ಸಿಕ್ಕಿದಾಗೆಲ್ಲ ಅಂತಾನೆ. ಈಗ ನಾನು ಮಾಂಸ ಬೆಂದು ಕೊಬ್ಬು ಮೇಲೆ ತೇಲಿದ ಮೇಲೇ ಬೆಲ್ಲ, ಸಣ್ಣ ಉರಿ, ಹತ್ತು ನಿಮಿಷ. ಎಣ್ಣೆ ಒಂದು ಹನಿ ಬೇಡ.

ಕಾಜುಬಾಗ ಬಾಯಿ: ಬೆಲ್ಲ ಎಂತಕ್ಕೆ? ಸೋರ್ಪೊತೆಲ್ ಮಾಡಿ, ಗೋವಾ ಕಡೆಯ ವಿನೆಗರ್ ಹಾಕಿದ ಹಂದಿ ಅಡುಗೆ. ಹುಳಿ ಮುರಿಯೋಕೆ ಒಂದು ಚಮಚ ಸಕ್ಕರೆ, ಮುಗೀತು. ತೆಂಗಿನ ಸೇಂದಿಯ ವಿನೆಗರ್ ಆದ್ರೆ ಘಾಟೇ ಇಲ್ಲ, ಅಂಗಡಿ ಬಾಟ್ಲಿಯ ಬಿಳಿ ನೀರು ತಂದವರದ್ದೇ ಈ ಕಂಪ್ಲೇಂಟು. ಇಂದು ಮಾಡಿ ನಾಡಿದ್ದು ತಿನ್ನೋ ಅಡುಗೆ ಅದು, ಮಾಡಿದ ದಿನವೇ ಬಡಿಸಿದ್ರೆ ನಮ್ಮಮ್ಮ ತಟ್ಟೆ ಮುಟ್ತಿರಲಿಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಮದುವೆ ಆದ ಹೊಸತಲ್ಲಿ ಅದ್ರಲ್ಲಿ ಮಾಡಿ 3 ಕೆಜಿ ಚೆಲ್ಲಿದ್ದೇನೆ, ವಿನೆಗರ್ ತಾಗಿ ನಾಣ್ಯ ನೆಕ್ಕಿದ ಹಾಗಿತ್ತು.

ಘಟ್ಟದ ಮೇಲಿನವ: ವಿನೆಗರೇ ಬೇಡ, ಉಪ್ಪಾಗೆ ಹಾಕಿ, ಹುಳಿಗೆ ಬಳಸೋ ಕಾಡುಹಣ್ಣು ಅದು. ಕೊಡಗಿನವರ ಹಂದಿ ಸಾರು, ಪಂದಿ ಕರಿ, ಮಾಡೋ ಹುಚ್ಚಲ್ಲಿ ಅದಕ್ಕೆ ಹಾಕೋ ಹುಳಿ ಕಾಚಂಪುಳಿ ಅಂತ ಅಂಗೈ ಉದ್ದದ ಬಾಟ್ಲಿಗೆ 450 ಕೊಟ್ಟೆ ನಾನು. ಆಮೇಲೆ ಗೊತ್ತಾಯ್ತು, ಅದು ಇದೇ ಉಪ್ಪಾಗೆ ಹಣ್ಣಿನ ರಸ ಕಪ್ಪಾಗೋವರೆಗೆ ಕಾಸಿದ್ದು! ಶಿರಸಿಲಿ ನಮ್ಮನೆ ಹಿಂದೆ ಮಳೆಗಾಲದಲ್ಲಿ ಬಿದ್ದು ಕೊಳೀತಾ ಇರ್ತದೆ. 450 ರೂಪಾಯಿ. ಸಿಹಿಗೆ ಜೋನಿ ಬೆಲ್ಲ (ನೀರು ಬೆಲ್ಲ) 3 ಚಮಚ. ಅನಾನಸ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಬನವಾಸಿಯಿಂದ ತಂದ ಹಣ್ಣು ಅರೆದು ಮಾಂಸಕ್ಕೆ ಕಲಸಿ ರಾತ್ರಿಯಿಡೀ ಇಟ್ವಿ, ಬೆಳಿಗ್ಗೆ ಮಾಂಸ ಅಲ್ಲ, ಅಂಬಲಿ.

ಕೈಗಾ ಕ್ವಾರ್ಟರ್ಸ್: ಅನಾನಸ್ ತಪ್ಪಲ್ಲ ಸ್ವಾಮಿ, ನೀವು ಇಟ್ಟ ಟೈಮ್ ತಪ್ಪು. ಹಸಿ ಹಣ್ಣಲ್ಲಿ ಮಾಂಸ ಕರಗಿಸೋ ಕಿಣ್ವ ಇರ್ತದೆ. ಕೊನೇಲಿ ತುಂಡು ಹಾಕಿ ಕುದಿಸಿದ್ರೆ ಏನೂ ಆಗಲ್ಲ. ನಾನು ಕೊಬ್ಬೆಲ್ಲ ತೆಗೆಸಿ ಹಾಗೇ ಮಾಡೋದು, 4 ವರ್ಷದಿಂದ.

ಕಾಜುಬಾಗ ಬಾಯಿ: ಕೊಬ್ಬು ತೆಗೆಸಿ ಹಂದಿ ತಿನ್ನೋದಾದ್ರೆ ಕೋಳಿ ತಗೊಳ್ಳಿ, ದುಡ್ಡಾದ್ರೂ ಉಳೀತದೆ. ಮತ್ತೆ ಆ ಕೋಕಂ ಎಲ್ಲ ಮೀನಿಗೆ, ಹಂದಿಗಲ್ಲ.

ಘಟ್ಟದ ಮೇಲಿನವ: ಅಕ್ಕ, ಕೋಕಂ ಅಂದ್ರೆ ಮುರುಗಲು, ಕೆಂಪು. ಉಪ್ಪಾಗೆ ಹಳದಿ, ಸಣ್ಣ ಕುಂಬಳಕಾಯಿ ಹಾಗೆ ಗೆರೆ ಗೆರೆ ಇರ್ತದೆ. ನೋಡದೆ ಮಾತಾಡ್ಬೇಡಿ.

ಕಾಜುಬಾಗ ಬಾಯಿ: 31 ವರ್ಷದಿಂದ ಒಲೆ ಮುಂದೆ ಇದ್ದೇನೆ, ನೋಡದೆ ಅಂತೆ.

ಕೈಗಾ ಕ್ವಾರ್ಟರ್ಸ್: ನಂಗೆ ಹಾರ್ಟ್ ಪ್ರಾಬ್ಲಂ ಇದೆ ಬಾಯಿ, ಅದಕ್ಕೆ ಕೊಬ್ಬು ತೆಗೆಸೋದು. ತಿಳ್ಕೊಂಡು ಹೇಳಿ.

ಸದಾಶಿವಗಡದವ: ಜೋನಿ ಬೆಲ್ಲ ಅಸಲಿ ಎಲ್ಲಿದೆ ಈಗ? ಹೋದ ತಿಂಗಳು ತಂದ ಡಬ್ಬಿಯ ತಳದಲ್ಲಿ ಸಕ್ಕರೆ ಹರಳು.

ಹೊನ್ನಾವರ: ಹರಳು ಕಟ್ಟಿದ ತಕ್ಷಣ ಕಲಬೆರಕೆ ಅಲ್ಲ, ಗಟ್ಟಿ ಕಾಸಿದ್ರೆ ಒಳ್ಳೇದೂ ಕಟ್ತದೆ. ಅಂಕೋಲಾ ಕಡೆ ಆಲೆಮನೆಯಿಂದಲೇ ತನ್ನಿ.

ಘಟ್ಟದ ಮೇಲಿನವ: ಅಂಕೋಲಾದ್ದು ಉಪ್ಪುಪ್ಪು. ಶಿರಸಿದು ತಿನ್ನಿ ಒಮ್ಮೆ.

ಹೊನ್ನಾವರ: ಶುರು ಆಯ್ತು ಇವ್ರದ್ದು.

ಕೋಡಿಬಾಗ ಸೊಸೆ: ಬೆಲ್ಲ ಕೊನೇಲಿ, ಅದು ಗೊತ್ತಾಯ್ತು. ಒಂದೂವರೆ ಕೆಜಿಗೆ ಉಪ್ಪಾಗೆ ಎಷ್ಟು?

ಘಟ್ಟದ ಮೇಲಿನವ: ಒಣ ಸಿಪ್ಪೆ 5-6, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. @ಹೊನ್ನಾವರ, ಎಂತ ಶುರು ಆಯ್ತು? ನಿಮ್ಮ ಆಲೆಮನೆಗೇ ಬಂದು ರುಚಿ ನೋಡಿದ್ದೇನೆ ನಾನು.