ಫಾರ್ಸಿಯ ‘ಅಸಾಲತೆ ವುಜೂದ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಇರಾನಿನ ಲೇಖಕ ಸಾದೆಕ್ ಹೆದಾಯತ್ ಕುರಿತ ಫಾರ್ಸಿ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಅದರಲ್ಲಿ ‘ಅಸಾಲತೆ ವುಜೂದ್’ ಅನ್ನುವ ಮಾತು ಪದೇ ಪದೇ ಬರುತ್ತದೆ. ಪದಶಃ ‘ಇರುವಿಕೆಯೇ ಮೂಲ’ ಅಂತ ಅರ್ಥ. ಫ್ರೆಂಚ್ ಚಿಂತಕ ಸಾರ್ತ್ರನ ವಿಚಾರಕ್ಕೂ ಇದೇ ಪದ, 17ನೇ ಶತಮಾನದ ಇರಾನಿನ ತತ್ವಜ್ಞಾನಿ ಮುಲ್ಲಾ ಸದ್ರಾನ ತತ್ವಕ್ಕೂ ಇದೇ. ಎರಡಕ್ಕೂ ‘ಅಸ್ತಿತ್ವವಾದ’ ಅಂತ ಹಾಕಿದರೆ ಓದುವವರಿಗೆ ಗೊಂದಲ ಆಗುತ್ತದೆ, ಅಲ್ವಾ?

ಉತ್ತರ 1:
ಸಾರ್ತ್ರನಿಗೆ ‘ಅಸ್ತಿತ್ವವಾದ’: ಮನುಷ್ಯ ಮೊದಲು ಇರುತ್ತಾನೆ, ತಾನೇನು ಅನ್ನುವುದನ್ನು ಆಮೇಲೆ ತಾನೇ ಆಯ್ದುಕೊಳ್ಳುತ್ತಾನೆ ಅನ್ನುವ ವಿಚಾರ. ನವ್ಯದ ಕಾಲದಿಂದ ಬಳಕೆಯಲ್ಲಿದೆ, ಕೈ ಹಾಕಬೇಡಿ. ಸದ್ರಾ ಹೇಳುವುದೇ ಬೇರೆ: ವಸ್ತು ಏನು ಅನ್ನುವುದು ನಮ್ಮ ಮನಸ್ಸಿನ ವಿಂಗಡಣೆ, ಅದು ಇದೆ ಅನ್ನುವುದೇ ನಿಜ. ಅಲ್ಲಿ ‘ಇರವೇ ಮೂಲ’ ಅನ್ನಿ.

ಉತ್ತರ 2:
‘ಇರು’ ಇದೆ, ‘ಇರವು’ ಇದೆ. ‘ಅಸ್ತಿತ್ವ’ದ ಹಂಗು ಯಾಕೆ? ಎರಡೂ ಕಡೆ ಕನ್ನಡದ ಪದವನ್ನೇ ಹಾಕಿ.

ಉತ್ತರ 3:
ಫಾರ್ಸಿಯಲ್ಲೇ ‘ಹಸ್ತೀಗೆರಾಯಿ’ ಅಂತ ಇನ್ನೊಂದು ಪದ ಇದೆ. ಇರವು ಅನ್ನುವ ಅರ್ಥದ ಆ ‘ಹಸ್ತಿ’ಯೂ ಸಂಸ್ಕೃತದ ‘ಅಸ್ತಿ’ಯೂ ಒಂದೇ ಬೇರಿನವು. ಹಾಗಾಗಿ ‘ಅಸ್ತಿತ್ವ’ವೇ ಮೂಲಕ್ಕೆ ಹತ್ತಿರ.

ಉತ್ತರ 2ರವರು ಮತ್ತೆ:
ಬೇರು ಅವರಿಬ್ಬರದು, ನಮ್ಮದಲ್ಲ. ಅದೇ ನನ್ನ ತಕರಾರು.

ಉತ್ತರ 3ರವರು:
‘ತಕರಾರು’, ‘ಕಾಗದ’, ‘ರಸ್ತೆ’ ಎಲ್ಲ ಫಾರ್ಸಿಯ ದಾರಿಯಲ್ಲೇ ಬಂದವು. ಅವನ್ನೂ ಬಿಡುತ್ತೀರಾ?

ಉತ್ತರ 2ರವರು:
ಅವು ಜನರ ಬಾಯಲ್ಲಿ ಬೆರೆತಿವೆ. ‘ಅಸ್ತಿತ್ವವಾದ’ ವಿಮರ್ಶಕರ ಬಾಯಿ ಬಿಟ್ಟು ಆಚೆ ಬಂದಿಲ್ಲ.

ಉತ್ತರ 4:
ಮೊದಲು ಕೃತಿ ನೋಡಿ. ಹೆದಾಯತ್‌ನ ಕಾದಂಬರಿ ‘ಬೂಫೆ ಕೂರ್’, ಅಂದರೆ ಕುರುಡು ಗೂಬೆ, 1936ರಲ್ಲಿ ಮುಂಬೈಯಲ್ಲಿ ಕೈಬರಹದ ಕೆಲವೇ ಪ್ರತಿಗಳಾಗಿ ಹೊರಬಂತು. ಸಾರ್ತ್ರನ ಮೊದಲ ಕಾದಂಬರಿ ಬಂದದ್ದೇ 1938ರಲ್ಲಿ. ಹೆದಾಯತ್ ಸಾರ್ತ್ರನ ಕತೆಯನ್ನು ಅನುವಾದಿಸಿದ್ದು ಅದಕ್ಕೂ ಆಮೇಲೆ. ಕುರುಡು ಗೂಬೆ ಶುರುವಾಗುವುದೇ ಒಂಟಿತನದಲ್ಲಿ ಜೀವವನ್ನು ಮೆಲ್ಲಗೆ ಕೊರೆಯುವ ಹುಣ್ಣುಗಳ ಮಾತಿನಿಂದ. ಅವು ‘ಖೊರೆ’ಯ ಹಾಗೆ ತಿನ್ನುತ್ತವೆ. ಖೊರೆ ಅಂದರೆ ಕುಷ್ಠ. ತಿನ್ನು ಅನ್ನುವ ಕ್ರಿಯಾಪದದಿಂದ ಬಂದ ಪದ. ಕತೆ ಹೇಳುವವನು ಬರೆಯುವುದು ಗೋಡೆ ಮೇಲಿನ ತನ್ನ ನೆರಳಿಗಾಗಿ. ಸಾರ್ತ್ರನ ಮನುಷ್ಯ ಆಯ್ಕೆ ಮಾಡಲೇಬೇಕು. ಇವನಿಗೆ ಆಯ್ಕೆಯೇ ಕಾಣುವುದಿಲ್ಲ. ಇದಕ್ಕೆ ಯಾವ ‘ವಾದ’ವನ್ನೂ ಅಂಟಿಸಬೇಡಿ. ‘ಇರವಿನ ತಳಮಳ’ ಅನ್ನಿ, ಸಾಕು. ಇರಾನಿನ ಇನ್ನೊಬ್ಬ ಲೇಖಕ ಜಲಾಲ್ ಆಲೆ ಅಹ್ಮದ್ ವಿಷಯ ಬೇರೆ. ಫ್ರೆಂಚ್ ಲೇಖಕರಾದ ಕಮೂ, ಸಾರ್ತ್ರ ಇಬ್ಬರನ್ನೂ ಫಾರ್ಸಿಗೆ ತಂದವರು ಅವರು. ಅಲ್ಲಿ ‘ಅಸ್ತಿತ್ವವಾದ’ ಧಾರಾಳವಾಗಿ ಬಳಸಿ.

ಕೇಳಿದವರು:
ಹೆದಾಯತ್ ಭಾಗಕ್ಕೆ ‘ಇರವಿನ ತಳಮಳ’ವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ‘ಖೊರೆ’ಗೆ ಬರೀ ‘ಕುಷ್ಠ’ ಅಂದರೆ ಸಾಲದು. ತಿನ್ನುವ ಅರ್ಥವೂ ಕೂಡಿದ ಪದ ಯಾರಿಗಾದರೂ ಹೊಳೆದರೆ ಇವತ್ತೇ ಬರೆಯಿರಿ.